ಸಂಪಾದಕರ ಉತ್ತರ: ಅತ್ತಿಗೆಯ ರಿಪೋರ್ಟು, ಮನೆಯವರ ಪಿಸುಮಾತು

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: ‘ನಮ್ಮ ಅತ್ತಿಗೆಗೆ 46 ವರ್ಷ. ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾಗಿದೆ. ರಿಪೋರ್ಟಿನಲ್ಲಿ ಎಚ್‌ಪಿವಿ ಎಂದಿದ್ದುದನ್ನು ಮನೆಯ ಹುಡುಗರು ಮೊಬೈಲಿನಲ್ಲಿ ಹುಡುಕಿ, ಇದು ದೈಹಿಕ ಸಂಪರ್ಕದಿಂದ ಹರಡುತ್ತದೆ ಎಂದು ಓದಿಕೊಂಡರು. ಅಂದಿನಿಂದ ಅತ್ತಿಗೆಯನ್ನು ನೋಡುವ ಕಣ್ಣೇ ಬದಲಾಗಿದೆ. ಪಕ್ಕದ ತೋಟದ ಹಿರಿಯರೊಬ್ಬರಿಗೆ ಗಂಟಲಿನ ಕ್ಯಾನ್ಸರ್. ಅವರು ಕವಳ ಹಾಕಿದವರಲ್ಲ, ಬೀಡಿ ಮುಟ್ಟಿದವರಲ್ಲ. ಅವರ ರಿಪೋರ್ಟಿನಲ್ಲೂ ಇದೇ ಹೆಸರಿದೆಯಂತೆ. ಅವರನ್ನು ಯಾರೂ ಏನೂ ಅನ್ನುತ್ತಿಲ್ಲ. ಒಂದೇ ವೈರಸ್ ಎರಡು ಕಡೆ ಹೇಗೆ? ನನ್ನ ಮಗಳಿಗೆ 12 ವರ್ಷ, ಲಸಿಕೆ ಹಾಕಿಸಲೇ? ಹೆಸರು ಪ್ರಕಟಿಸಬೇಡಿ.’

ಸೋದರಿ, ‘ಅವರನ್ನು ಯಾರೂ ಏನೂ ಅನ್ನುತ್ತಿಲ್ಲ’ ಎಂಬ ನಿಮ್ಮ ಸಾಲನ್ನು ಓದಿ ಸಿಟ್ಟು ಬಂತು. ಉತ್ತರವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಹುಡುಗರು ಓದಿದ್ದು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದ್ದಾರೆ. ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮ ವೈರಸ್. ಕೈಕಾಲಿನ ಮೇಲೆ ನರುಲಿ ಏಳಿಸುವುದೂ ಇದೇ ಕುಲ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. 16 ಮತ್ತು 18 ಎಂಬ ಸಂಖ್ಯೆಯ ಎರಡೇ ಬಗೆಗಳು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿನ ನೂರರಲ್ಲಿ ಸುಮಾರು ಎಪ್ಪತ್ತು ಪ್ರಕರಣಗಳ ಹಿಂದಿವೆ. ಸಂಸಾರ ನಡೆಸುವ ಗಂಡು ಹೆಣ್ಣುಗಳಲ್ಲಿ ಬಹುಪಾಲು ಎಲ್ಲರಿಗೂ ಬದುಕಿನಲ್ಲಿ ಒಮ್ಮೆಯಾದರೂ ಈ ಕುಲದ ಒಂದಲ್ಲ ಒಂದು ವೈರಸ್ ತಗಲಿಯೇ ತಗಲುತ್ತದೆ. ಜ್ವರವಿಲ್ಲ, ನೋವಿಲ್ಲ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ತಾನಾಗಿಯೇ ಅದನ್ನು ಹೊರಗಟ್ಟುತ್ತದೆ. ಕೆಲವರಲ್ಲಿ ಮಾತ್ರ ಠಿಕಾಣಿ ಹೂಡುತ್ತದೆ. ಅಂಥವರಲ್ಲೂ ಕೆಲವರಿಗಷ್ಟೇ, ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ, ಅದು ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳುತ್ತದೆ.

ನಮ್ಮ ಜಿಲ್ಲೆಯವರಿಗೆ ವೈರಸ್ ಎಂದೊಡನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಆ ಕಾಡಿನ ಹೆಸರನ್ನೇ ಹೊತ್ತದ್ದು. ಉಣುಗು ಕಚ್ಚಿದ ವಾರದ ಆಸುಪಾಸಿನಲ್ಲಿ ಜ್ವರ ಬರುತ್ತದೆ. ಯಾವ ದಿನ ಯಾವ ಹಾಡ್ಯಕ್ಕೆ ಸೊಪ್ಪಿಗೆ ಹೋಗಿದ್ದೆವು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಎಚ್‌ಪಿವಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಿಮ್ಮ ಅತ್ತಿಗೆಗೆ ಅದು ತಗಲಿದ್ದು ಮದುವೆಯಾದ ಹೊಸದರಲ್ಲೇ ಇರಬಹುದು. ಯಾರಿಂದ, ಯಾವಾಗ ಬಂತು ಎಂದು ಹೇಳುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಹಾಗೆಂದು ಬೆರಳನ್ನು ನಿಮ್ಮ ಅಣ್ಣನ ಕಡೆ ತಿರುಗಿಸಿ ಎನ್ನುತ್ತಿಲ್ಲ. ಗಂಡಸರಲ್ಲೂ ಅದು ಸುಳಿವು ಕೊಡದೆ ಬಂದು ಹೋಗುತ್ತದೆ. 1842ರಲ್ಲೇ ಇಟಲಿಯ ವೆರೋನಾದ ವೈದ್ಯ ರಿಗೋನಿ ಸ್ಟರ್ನ್ ಊರಿನ ಮರಣದ ದಾಖಲೆಗಳನ್ನು ತಿರುವಿ, ಗರ್ಭಕೋಶದ ಕ್ಯಾನ್ಸರ್ ಸನ್ಯಾಸಿನಿಯರಲ್ಲಿ ಅಪರೂಪ, ಮದುವೆಯಾದ ಹೆಂಗಸರಲ್ಲಿ ಹೆಚ್ಚು ಎಂದು ಗುರುತಿಸಿದ್ದ. ಆತ ಕಂಡ ವ್ಯತ್ಯಾಸ ಮದುವೆಯದು. ನಡತೆಯ ಮಾತನ್ನು ಸೇರಿಸಿದ್ದು ನಿಮ್ಮ ಮನೆಯ ಹುಡುಗರು. ಜರ್ಮನಿಯ ಹರಾಲ್ಡ್ ಟ್ಸುರ್ ಹೌಸೆನ್ 1983ರಲ್ಲಿ ಗರ್ಭಕಂಠದ ಗಡ್ಡೆಯಲ್ಲಿ 16ನೆಯ ಬಗೆಯನ್ನು ಪತ್ತೆ ಮಾಡಿದರು. ಅದಕ್ಕೆ 2008ರಲ್ಲಿ ನೊಬೆಲ್ ಬಂತು.

ಇನ್ನು ಎರಡು ಕಡೆ ಹೇಗೆ ಎಂಬ ಪ್ರಶ್ನೆ. ಗರ್ಭಕೋಶದ ಬಾಯಿಯಲ್ಲಿ ಒಂದು ಬಗೆಯ ಒಳಪದರ ಮುಗಿದು ಇನ್ನೊಂದು ಶುರುವಾಗುವ ಅಂಚಿದೆ. ಅಲ್ಲಿನ ಜೀವಕೋಶಗಳು ನಾಜೂಕು. ಟಾನ್ಸಿಲ್‌ನಲ್ಲಿ, ನಾಲಿಗೆಯ ಬುಡದಲ್ಲಿ ಆಳವಾದ ಸಂದುಗಳಿವೆ; ಅವುಗಳ ಪದರವೂ ತೆಳು. ವೈರಸ್ ಒಳಹೊಕ್ಕ ಮೇಲೆ ಎರಡೂ ಕಡೆ ಒಂದೇ ಕೆಲಸ: ಅದರ ಇ6, ಇ7 ಎಂಬ ಪ್ರೋಟೀನುಗಳು, ಜೀವಕೋಶ ಮಿತಿಮೀರಿ ಒಡೆಯದಂತೆ ತಡೆಯುವ ಪಿ53 ಮತ್ತು ಆರ್‌ಬಿ ಎಂಬ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಗಂಟಲಿಗೆ ಅದು ಮುಖ್ಯವಾಗಿ ಬಾಯಿಯ ಮೂಲಕದ ದೈಹಿಕ ಸಂಪರ್ಕದಿಂದ ತಲುಪುತ್ತದೆ. ಅಂದರೆ ಆ ಹಿರಿಯರಿಗೂ ನಿಮ್ಮ ಅತ್ತಿಗೆಗೂ ಬಂದ ದಾರಿ ಒಂದೇ ಜಾತಿಯದು. ಅವರನ್ನು ಯಾರೂ ಏನೂ ಅನ್ನದೆ ಇರುವುದೇ ಸರಿ. ಅದೇ ಮರ್ಯಾದೆ ಅತ್ತಿಗೆಗೂ ಸಲ್ಲಬೇಕು.

ಗಂಟಲಿನ ಈ ಕ್ಯಾನ್ಸರ್ ಅನೇಕ ವೇಳೆ ಕುತ್ತಿಗೆಯಲ್ಲಿ ನೋವಿಲ್ಲದ ಗಂಟಾಗಿ ಮೊದಲು ಕಾಣಿಸುತ್ತದೆ. ಇದನ್ನು ಮುಂಚೆಯೇ ಹಿಡಿಯುವ ತಪಾಸಣೆ ಇಲ್ಲ. ಆದರೆ ತಂಬಾಕಿನಿಂದ ಬಂದದ್ದಕ್ಕಿಂತ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಅಮೆರಿಕದಲ್ಲಿ ಗಂಟಲಿನ ಈ ಭಾಗದ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಎಚ್‌ಪಿವಿಯವು. ನಮ್ಮಲ್ಲಿ ಬಾಯಿ ಗಂಟಲುಗಳ ಕ್ಯಾನ್ಸರಿಗೆ ಇಂದಿಗೂ ದೊಡ್ಡ ಕಾರಣ ತಂಬಾಕು ಮತ್ತು, ಹೇಳದೆ ವಿಧಿಯಿಲ್ಲ, ಅಡಿಕೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಈ ಸಾಲಿಗೆ ತೀರ್ಥಹಳ್ಳಿ, ಸಾಗರದ ಕಡೆಯಿಂದ ಬರಲಿರುವ ಪತ್ರಗಳ ಅಂದಾಜು ನನಗಿದೆ; ಬರಲಿ, ಪ್ರಕಟಿಸೋಣ.

ಪಿಸುಮಾತಿನ ಬಗ್ಗೆ ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ನಿಮ್ಮ ಕೇರಿಯ ಹೆಂಗಸರು ಅತ್ತಿಗೆಗೆ ಆಗುತ್ತಿರುವುದನ್ನು ನೋಡುತ್ತಿದ್ದಾರೆ. ಪರೀಕ್ಷೆಗೆ ಹೋದರೆ ಹೀಗೆ ಎಂದು ಅವರಿಗೆ ಅನ್ನಿಸಿದರೆ ಯಾರೂ ಹೋಗುವುದಿಲ್ಲ. ದೇಶದಲ್ಲಿ 2022ರಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ ಎಂಬುದು ಅಂದಾಜು. ಪರೀಕ್ಷೆಯಾದರೋ ತೀರಾ ಸರಳ. ಮೇಜಿನ ಮೇಲೆ ಮಲಗಿಸಿ, ಸ್ಪೆಕ್ಯುಲಮ್ ಎಂಬ ಉಪಕರಣ ಇಟ್ಟು, ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಸ್ವಲ್ಪ ಉರಿಯಬಹುದು, ಅಷ್ಟೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಈ ಪರೀಕ್ಷೆಯನ್ನೇ ನಡೆಸಿ, ಬೆಳ್ಳಗಾದವರಿಗೆ ಚಿಕಿತ್ಸೆ ಕೊಟ್ಟಾಗ ಸಾವುಗಳು ನೂರಕ್ಕೆ 35ರಷ್ಟು ಇಳಿದವು. ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕ್ಯಾನ್ಸರಿಗೆ ತಿರುಗುವ ಮೊದಲೇ ಕಂಡರೆ ಆ ಭಾಗವನ್ನಷ್ಟೇ ಸುಟ್ಟೋ ತಣ್ಣಗಾಗಿಸಿಯೋ ತೆಗೆಯುತ್ತಾರೆ; ಗರ್ಭಕೋಶ ತೆಗೆಸಬೇಕಾಗಿಲ್ಲ.

ಮಗಳಿಗೆ ಲಸಿಕೆ ಹಾಕಿಸಿ. 9ರಿಂದ 14 ವರ್ಷ ಸರಿಯಾದ ವಯಸ್ಸು, ಏಕೆಂದರೆ ವೈರಸ್ ತಗಲುವ ಮೊದಲೇ ಹಾಕಿಸಬೇಕು. ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ರೂಢಿ. ಒಂದೇ ಡೋಸ್ ಕೂಡ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಎಂಬ ಲಸಿಕೆ 2023ರಿಂದ ಮಾರುಕಟ್ಟೆಯಲ್ಲಿದೆ. ಅದರಲ್ಲಿರುವುದು ವೈರಸ್ಸಿನ ಹೊರಕವಚದ ಪ್ರೋಟೀನ್ ಮಾತ್ರ. ಅದರಿಂದ ಸೋಂಕು ತಗಲುವುದಿಲ್ಲ. ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿನಲ್ಲಿ ಲಸಿಕೆಯ ಅವಕಾಶ ಸಿಕ್ಕ ಹುಡುಗಿಯರಲ್ಲಿ ಈ ಕ್ಯಾನ್ಸರ್ ನೂರಕ್ಕೆ 87ರಷ್ಟು ಕಡಿಮೆಯಾಗಿತ್ತು. ಹುಡುಗರಿಗೂ ಹಾಕಿಸಬಹುದು, ಮೊಬೈಲಿನಲ್ಲಿ ಹುಡುಕಿದ ಹುಡುಗರಿಗೆ ಈ ಮಾತನ್ನು ಅಗತ್ಯವಾಗಿ ಓದಿ ಹೇಳಿ. ಅತ್ತಿಗೆಗೆ ಲಸಿಕೆಯಿಂದ ಈಗ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಚಿಕಿತ್ಸೆ. ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಮನೆಯವರೊಬ್ಬರು ಜೊತೆಗಿರಲಿ.

ನಿಮ್ಮ ವಯಸ್ಸನ್ನು ನೀವು ಬರೆದಿಲ್ಲ. ಮಗಳಿಗೆ 12 ಎಂದರೆ ನಿಮಗೆ ಮೂವತ್ತು ದಾಟಿರಬೇಕು. ಸರ್ಕಾರದ ತಪಾಸಣೆ 30ರಿಂದ 65 ವರ್ಷದ ಹೆಂಗಸರಿಗೆ, ಐದು ವರ್ಷಕ್ಕೊಮ್ಮೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ, ಎಲ್ಲಿ ಎಂದು ಹೇಳುತ್ತಾರೆ. ಇಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಬನ್ನಿ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎನ್ನಬೇಡಿ.