ತಾಜಾ ತರಕಾರಿ, ಹಣ್ಣುಗಳ ಮಾರಾಟಕ್ಕೆ ಆನ್‌ಲೈನ್ ಅಂಗಡಿ ತೆರೆದರೆ ಸಾಕೇ?

ಸಾಲದು. ಈ ವ್ಯಾಪಾರದಲ್ಲಿ ಕಳೆದುಹೋಗುವ ಪ್ರತಿ ಗಂಟೆಯೂ ನಷ್ಟವೇ. ಕೊಯ್ಲಾದ ಮೇಲೆ ಚಿಲ್ಲರೆ ಅಂಗಡಿ ತಲುಪುವುದರೊಳಗೆ ಜಗತ್ತಿನ ಆಹಾರದಲ್ಲಿ ಸುಮಾರು 14% ಹಾಳಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿತ್ತು. ಕಂಪ್ಯೂಟರ್ ಮೊದಲು ಬೇಕಾಗಿರುವುದು ಇಲ್ಲಿ.

ಸಾಧ್ಯವಾದಷ್ಟೂ ಕೊಯ್ಯುವ ಮೊದಲೇ ಆರ್ಡರ್ ಹಿಡಿಯಿರಿ. ಹಿಂದಿನ ಮಾರಾಟ, ವಾರದ ದಿನ, ಹವಾಮಾನ ಇಷ್ಟನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ತಪ್ಪದೆ ತುಂಬುತ್ತಾ ಬಂದರೂ ನಾಳೆಗೆ ಎಷ್ಟು ಕೊಯ್ಯಬೇಕೆಂಬ ಅಂದಾಜು ಸಿಗುತ್ತದೆ. ದುಬಾರಿ ಆ್ಯಪ್ ಮಾಡಿಸುವುದು ಆಮೇಲಿನ ಮಾತು.

ಪ್ರತಿ ಕ್ರೇಟಿಗೂ ಒಂದು ಕ್ಯೂಆರ್ ಕೋಡ್ ಅಂಟಿಸಿ. ಸ್ಕ್ಯಾನ್ ಮಾಡಿದರೆ ತೋಟ, ಕೊಯ್ದ ದಿನ, ಗ್ರೇಡ್ ಕಾಣಬೇಕು. ಗೋದಾಮುಗಳಲ್ಲಿ ಮೊದಲು ಬಂದದ್ದನ್ನು ಮೊದಲು ಕಳಿಸುವ ರೂಢಿಯಿದೆ. ತಾಜಾ ಸರಕಿಗೆ ಅದು ಸರಿಹೋಗುವುದಿಲ್ಲ, ಮೊದಲು ಕೆಡುವಂಥದ್ದು ಮೊದಲು ಹೊರಡಬೇಕು. ಉದಾಹರಣೆಗೆ, ಬಾಳೆಹಣ್ಣನ್ನು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಬಹಳ ಹೊತ್ತು ಇಟ್ಟರೆ ಸಿಪ್ಪೆ ಬಣ್ಣಗೆಡುತ್ತದೆ, ಸರಿಯಾಗಿ ಹಣ್ಣಾಗುವುದೂ ಇಲ್ಲ. ಲಾರಿಯಲ್ಲಿಟ್ಟ ಸಣ್ಣ ಸೆನ್ಸರ್ ಉಷ್ಣತೆಯ ಇಂಥ ಏರುಪೇರನ್ನು ದಾಖಲಿಸಿದ್ದರೆ, ಆ ಲೋಡನ್ನು ದೂರದ ಮಾರುಕಟ್ಟೆಗೆ ಕಳಿಸದೆ ಹತ್ತಿರದಲ್ಲೇ ಬೇಗ ಮಾರಬಹುದು. ಖರೀದಿದಾರರಿಗೂ ಆ ದಾಖಲೆ ತೋರಿಸಿ. ಗುಣಮಟ್ಟದ ಬಗ್ಗೆ ತಕರಾರು ಬಂದಾಗ ಎರಡೂ ಕಡೆಯವರಿಗೆ ಅದೇ ಆಧಾರ.