ಪ್ರತಿಕ್ರಿಯೆ: ಚಿಕ್ಕಬಳ್ಳಾಪುರದ ಗುಜರಿಯಲ್ಲಿ ಸಿಕ್ಕ ಶೆಲ್, ತಿರುಗದ ಹಿತ್ತಾಳೆ ಮೂತಿ

ಗುಜರಿಯಲ್ಲಿ ಸಿಕ್ಕ ಹಳೆಯ ಶೆಲ್ಲಿನ (ಫಿರಂಗಿ ಗುಂಡಿನ) ಹಿತ್ತಾಳೆ ಮೂತಿಯ ಉಂಗುರ ತಿರುಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಉಂಗುರದ ಸುತ್ತಲೂ 0ಯಿಂದ 22ರವರೆಗೆ ಗೆರೆ, ಪಕ್ಕದಲ್ಲಿ 80 ಎಂಬ ಗುರುತು ಅಂದಿದ್ದೀರಿ. ಹಾಗಾದರೆ ಅದು ಬಹುತೇಕ ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ನಂ. 80 ಟೈಮ್ ಫ್ಯೂಸ್, ಅಂದರೆ ಹಾರಿಸಿದ ಮೇಲೆ ಗೊತ್ತುಮಾಡಿದ ಹೊತ್ತಿಗೆ ಶೆಲ್ಲನ್ನು ಸಿಡಿಸುವ ಮೂತಿ. ಶೆಲ್ಲಿನ ಅಡ್ಡಳತೆ 84 ಮಿ.ಮೀ. ಆಸುಪಾಸಿದ್ದರೆ 18 ಪೌಂಡರ್ ಫಿರಂಗಿಯದ್ದು. ಉಂಗುರ ತಿರುಗದಿರುವುದು ತುಕ್ಕು, ಕಿಲುಬಿನಿಂದ. ಅದನ್ನು ಬಿಡಿಸಲು ಎಣ್ಣೆ ಹಾಕಬೇಡಿ, ಬಿಸಿ ಮಾಡಬೇಡಿ, ಪೈಪ್ ರೆಂಚ್ ಅಂತೂ ಮುಟ್ಟಲೇಬೇಡಿ.

ಯಾಕೆಂದರೆ ಆ ಉಂಗುರಗಳ ಒಳಗಿನ ಕಾಲುವೆಯಲ್ಲಿ ಕರಿಮದ್ದು ತುಂಬಿರುತ್ತದೆ, ಮೇಲೆ ಹೊಡೆತಕ್ಕೆ ಕಿಡಿ ಕಾರುವ ಕ್ಯಾಪ್. ಆ ಬೆಂಕಿ ಶ್ರಾಪ್ನೆಲ್ ಶೆಲ್ಲಿನ (ಒಳಗೆ ಸೀಸದ ಗುಂಡು ತುಂಬಿದ ಶೆಲ್ಲಿನ) ನಡುವಿನ ಕೊಳವೆಯಲ್ಲಿ ಇಳಿದು ತಳದ ಮದ್ದು ಹೊತ್ತಿಸಿ ಆ ಗುಂಡುಗಳನ್ನು ಮುಂದಕ್ಕೆ ಚಿಮ್ಮಿಸುತ್ತದೆ. ತೇವ ತಗಲದ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ.

ಈಗಿರುವ ಜಾಗದಿಂದಲೇ ಕಣ್ಣಲ್ಲಿ ನೋಡಿ: ಕೆಳಗಿನ ತಾಮ್ರದ ಪಟ್ಟಿಯಲ್ಲಿ ಓರೆ ಗೀರುಗಳಿವೆಯಾ? ಇದ್ದರೆ ಅದು ಹಾರಿಸಿದ ಶೆಲ್. ಸರಿಯಾಗಿ ಕೆಲಸ ಮಾಡಿದ ಶ್ರಾಪ್ನೆಲ್‌ನ ಮೂತಿ ಗಾಳಿಯಲ್ಲೇ ಕಳಚಿ ಹೋಗುತ್ತದೆ. ಗೀರೂ ಇದೆ, ಮೂತಿಯೂ ಕೂತಿದೆ ಅಂದರೆ ಸಿಡಿಯದೆ ಉಳಿದದ್ದು, ಎಲ್ಲಕ್ಕಿಂತ ಅಪಾಯಕಾರಿ. ಗೀರಿಲ್ಲದಿದ್ದರೂ ಖಾಲಿ ಎಂದು ನಂಬಬೇಡಿ.

ದೂರದಿಂದ ಜೂಮ್ ಮಾಡಿ ಫೋಟೊ ತೆಗೆಯಿರಿ, ಮಕ್ಕಳನ್ನು ಶೆಲ್ ಇರುವ ಕೋಣೆಯಿಂದ ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ ಬಾಂಬ್ ನಿಷ್ಕ್ರಿಯ ದಳ ಬೇಕೆಂದು ಹೇಳಿ. ಸ್ಟೇಷನ್‌ಗೆ ಬೈಕಿನಲ್ಲಿ ಒಯ್ಯಬೇಡಿ. ಒಳಗೆ ಏನೂ ಇಲ್ಲವೆಂದು ಅವರು ಬರೆದುಕೊಟ್ಟ ಮೇಲಷ್ಟೇ ಹಿತ್ತಾಳೆ ತೊಳೆಯುವ ಮಾತು. ಆಗಲೂ ಮೆತ್ತನೆ ಬಟ್ಟೆ ಸಾಕು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಅಕ್ಷರ ಮಾಸುತ್ತವೆ.