ಗೋದಾಮು ತುಂಬಿದೆ, ಕೇಳಿದ ಸರಕು ಮಾತ್ರ ಇಲ್ಲ

ಪ್ರಶ್ನೆ: ನನ್ನದು ವಿದ್ಯುತ್ ಉಪಕರಣಗಳ ಸಣ್ಣ ಮಳಿಗೆ. ಸುಮಾರು 300 ಬಗೆಯ ಸರಕು ಇಟ್ಟಿದ್ದೇನೆ. ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ, ಆದರೂ ವಾರದಲ್ಲಿ ಎರಡು ಮೂರು ಬಾರಿ ‘ಸ್ಟಾಕ್ ಇಲ್ಲ’ ಎಂದು ಗ್ರಾಹಕರನ್ನು ವಾಪಸ್ ಕಳಿಸುತ್ತೇನೆ. ಪುಸ್ತಕದ ಲೆಕ್ಕಕ್ಕೂ ಕಪಾಟಿನಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ತಪ್ಪು ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ಸಾಗಿಸಿದರೆ ಅದು ಅಚ್ಚುಕಟ್ಟಾಗಿ ಕಾಣುವ ತಪ್ಪು ಲೆಕ್ಕವಾಗುತ್ತದೆ, ಅಷ್ಟೇ.

ಕಪಾಟು ಖಾಲಿಯಾದದ್ದು ಕಣ್ಣಿಗೆ ಬಿದ್ದ ಮೇಲೆ ನೀವು ಆರ್ಡರ್ ಕೊಡುತ್ತಿರಬೇಕು. ಯಾವಾಗ ಕೊಡಬೇಕೆಂಬ ಗೆರೆ ಪ್ರತಿ ಸರಕಿಗೂ ಬೇರೆ. ಒಂದು ಬಗೆಯ ಬಲ್ಬ್ ದಿನಕ್ಕೆ ಸರಾಸರಿ 6 ಮಾರಾಟವಾಗುತ್ತದೆ, ಸರಬರಾಜುದಾರ 5 ದಿನಕ್ಕೆ ತಲುಪಿಸುತ್ತಾನೆ ಎನ್ನೋಣ. ಮಾಲು ಬರುವಷ್ಟರಲ್ಲಿ 30 ಖರ್ಚಾಗುತ್ತದೆ. ಆದರೆ ಆತ ಕೆಲವೊಮ್ಮೆ 8 ದಿನ ಎಳೆಯುತ್ತಾನೆ, ಬೇಡಿಕೆ ದಿನಕ್ಕೆ 9ಕ್ಕೆ ಏರುವುದೂ ಉಂಟು. ಎರಡೂ ಒಟ್ಟಿಗೆ ಬಂದರೆ 72 ಬೇಕು. ಅದರಲ್ಲಿ 30 ಕಳೆದರೆ ಉಳಿಯುವ 42 ನಿಮ್ಮ ಆಪತ್ಕಾಲದ ದಾಸ್ತಾನು. ಬಲ್ಬ್ 72ಕ್ಕೆ ಇಳಿದ ದಿನವೇ ಆರ್ಡರ್ ಹೋಗಬೇಕು. ಈ ಲೆಕ್ಕ ತುಸು ಧಾರಾಳದ್ದು. ದುಬಾರಿಯಾದ, ನಿಧಾನವಾಗಿ ಹೋಗುವ ಸರಕಿಗೆ ಹಚ್ಚಿದರೆ ಹಣ ಸುಮ್ಮನೆ ಸಿಕ್ಕಿಬೀಳುತ್ತದೆ. ಕೈಯಲ್ಲಿರುವುದರ ಜೊತೆಗೆ, ಆರ್ಡರ್ ಕೊಟ್ಟು ಇನ್ನೂ ಬಾರದ ಮಾಲನ್ನೂ ಎಣಿಕೆಗೆ ಸೇರಿಸಿ. ಇದನ್ನು ಮರೆತು ಒಂದೇ ಸರಕನ್ನು ಎರಡೆರಡು ಬಾರಿ ತರಿಸಿಕೊಂಡವರ ಗೋದಾಮುಗಳನ್ನು ಬೇಕಾದಷ್ಟು ನೋಡಿದ್ದೇನೆ.

300 ಬಗೆಗೂ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ವರ್ಷದ ಮಾರಾಟದ ಮೊತ್ತ ನೋಡಿ ಪಟ್ಟಿ ಮಾಡಿದರೆ, ಸಾಮಾನ್ಯವಾಗಿ ಮೇಲಿನ ಐದನೆಯ ಒಂದು ಭಾಗವೇ ವಹಿವಾಟಿನ ಬಹುಪಾಲು ತಂದುಕೊಡುತ್ತಿರುತ್ತದೆ. ಆ 60 ಬಗೆಯನ್ನು ವಾರ ವಾರ ನೋಡಿ, ಉಳಿದದ್ದನ್ನು ತಿಂಗಳಿಗೊಮ್ಮೆ. ಸರಕನ್ನು ಮಹತ್ವದ ಪ್ರಕಾರ ಎ, ಬಿ, ಸಿ ಎಂದು ಮೂರು ಗುಂಪು ಮಾಡುವ ಎಬಿಸಿ ವಿಂಗಡಣೆಯ ಸರಳ ರೂಪ ಇದು. ಆದರೆ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ: ಪುಡಿಗಾಸಿನ ಹೋಲ್ಡರ್ ಇಲ್ಲವೆಂದರೆ ಗ್ರಾಹಕ ಬಲ್ಬನ್ನೂ ಬೇರೆಡೆಯೇ ಕೊಳ್ಳುತ್ತಾನೆ.

ತಾಳೆಯಾಗದ ಲೆಕ್ಕಕ್ಕೆ ಮೊದಲೇ ಕಳವಿನ ಶಂಕೆ ಬೇಡ. 12 ಬಲ್ಬಿನ ಪೆಟ್ಟಿಗೆ ಬಂದಾಗ ಒಬ್ಬರು 1 ಎಂದೂ ಇನ್ನೊಬ್ಬರು 12 ಎಂದೂ ಬರೆಯುತ್ತಾರೆ. ಒಡೆದದ್ದು, ಗ್ರಾಹಕರು ಹಿಂದಿರುಗಿಸಿದ್ದು ಪುಸ್ತಕ ಸೇರುವುದೇ ಇಲ್ಲ. ವರ್ಷಕ್ಕೊಮ್ಮೆ ಮಳಿಗೆ ಮುಚ್ಚಿ ಎಲ್ಲವನ್ನೂ ಎಣಿಸುವ ಬದಲು ದಿನವೂ ಬಾಗಿಲು ತೆರೆಯುವ ಮುನ್ನ 10 ಬಗೆ ಎಣಿಸಿ. 30 ದಿನದಲ್ಲಿ ಒಂದು ಸುತ್ತು ಮುಗಿಯುತ್ತದೆ. ಎಣಿಸುವವರಿಗೆ ಪುಸ್ತಕದ ಅಂಕಿ ಹೇಳಬೇಡಿ. ಹೇಳಿದರೆ ಎಣಿಕೆ ಅಲ್ಲಿಗೇ ಬಂದು ನಿಲ್ಲುತ್ತದೆ. ವ್ಯತ್ಯಾಸ ಕಂಡರೆ ಅಂಕಿ ತಿದ್ದಿ ಸುಮ್ಮನಾಗದೆ ಕಾರಣವನ್ನೂ ಪಕ್ಕದಲ್ಲಿ ಬರೆಯಿರಿ.

ಇನ್ನು ಕಾಲಿಡಲು ಬಿಡದ ಮಾಲು. ಪ್ರತಿಯೊಂದೂ ಕಡೆಯ ಬಾರಿ ಮಾರಾಟವಾದ ದಿನಾಂಕ ನೋಡಿ. ಆರು ತಿಂಗಳಿಂದ ಅಲುಗಾಡದ್ದನ್ನು ಸರಬರಾಜುದಾರ ವಾಪಸ್ ಪಡೆಯುತ್ತಾನೆಯೇ ಕೇಳಿ, ಇಲ್ಲವಾದರೆ ರಿಯಾಯಿತಿಯಲ್ಲಿ ಸಾಗಹಾಕಿ. ಅಸಲೂ ಬರಲಿಲ್ಲವೆಂಬ ಕೊರಗು ಸಹಜ. ಆದರೆ ಅಸಲು ಕೈಬಿಟ್ಟದ್ದು ಮಾಲು ಕೊಂಡ ದಿನವೇ.

ಎರಡು ಸುತ್ತಿನ ಎಣಿಕೆ ತಾಳೆಯಾದ ಮೇಲೆ ಸಾಫ್ಟ್‌ವೇರ್ ನೋಡಿ. ಮಾರುವವನ ಮುಂದೆಯೇ ಒಂದು ಪೆಟ್ಟಿಗೆ ಖರೀದಿ, ಮೂರು ಬಿಡಿ ಬಲ್ಬಿನ ಮಾರಾಟ ನಮೂದಿಸಿ. ಉಳಿಕೆ 9 ಎಂದು ತೋರಿಸದಿದ್ದರೆ ಎದ್ದು ಬನ್ನಿ.